ಪಾರ್ಶ್ವಸರಪಳಿಗಳ ಋಣ ಮತ್ತು ಧನ: ಅಮೈನೋ ಆಮ್ಲಗಳ ವಿದ್ಯುದಾವೇಶವನ್ನು ಕುರಿತು

ಪ್ರೋಟೀನುಗಳನ್ನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳನ್ನು ಪಠ್ಯಪುಸ್ತಕಗಳು ಧನಾವೇಶವುಳ್ಳವು, ಋಣಾವೇಶವುಳ್ಳವು, ಆವೇಶರಹಿತವಾದವು ಎಂದು ವಿಂಗಡಿಸುತ್ತವೆ. ಬೋಧನೆಗೆ ಈ ವಿಂಗಡಣೆ ಅನುಕೂಲವಾದುದೇ. ಆದರೆ ಆವೇಶವೆಂಬುದು ಹುಟ್ಟಿನಿಂದಲೇ ಅಂಟಿಬಂದ ಗುಣವೆಂಬ ತಪ್ಪುಗ್ರಹಿಕೆಗೂ ಅದು ಎಡೆಗೊಡುತ್ತದೆ. ವಾಸ್ತವವಾಗಿ ಅದೊಂದು ಸ್ಥಿತಿ. ಸುತ್ತಣ ದ್ರಾವಣದೊಡನೆ ಎಡೆಬಿಡದೆ ನಡೆಯುವ ಕೊಳುಕೊಡೆಯ ಫಲ.

ಈ ಕೊಳುಕೊಡೆಯಲ್ಲಿ ಕೈಬದಲಾಗುವುದು ಧನಾವೇಶವುಳ್ಳ ಪ್ರೋಟಾನ್, ಅಂದರೆ ಎಲೆಕ್ಟ್ರಾನನ್ನು ಕಳೆದುಕೊಂಡ ಜಲಜನಕದ ಪರಮಾಣು. ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳ ಪಾರ್ಶ್ವಸರಪಳಿಯ ತುದಿಯಲ್ಲಿರುವ ಕಾರ್ಬಾಕ್ಸಿಲ್ ಗುಂಪು ಪ್ರೋಟಾನನ್ನು ಹಿಡಿದಿರುವಾಗ ತಟಸ್ಥ, ಬಿಟ್ಟುಕೊಟ್ಟಾಗ ಋಣಾವೇಶಯುಕ್ತ. ಲೈಸೀನ್, ಆರ್ಜಿನೀನ್, ಹಿಸ್ಟಿಡೀನ್‌ಗಳಲ್ಲಿರುವ ಸಾರಜನಕದ ಗುಂಪುಗಳ ನಡವಳಿಕೆ ಇದಕ್ಕೆ ವಿಲೋಮವಾದುದು: ಬರಿದಾಗಿರುವಾಗ ತಟಸ್ಥ; ಪ್ರೋಟಾನನ್ನು ಸ್ವೀಕರಿಸಿದಾಗ ಧನಾವೇಶಯುಕ್ತ.

ಇಲ್ಲಿ ಪರಿಭಾಷೆಯ ಸೂಕ್ಷ್ಮವೊಂದನ್ನು ಗಮನಿಸಬೇಕು. ಲೋಕವ್ಯವಹಾರದಲ್ಲಿ ಪಡೆದವನು ಋಣಿ. ಇಲ್ಲಿಯಾದರೋ ಕೊಟ್ಟದ್ದರ ಪಾಲಿಗೆ ಋಣ, ಪಡೆದದ್ದರ ಪಾಲಿಗೆ ಧನ. ಈ ಶಬ್ದಗಳನ್ನು ಕ್ರಿ.ಶ. ೬೨೮ರಲ್ಲಿ ಬ್ರಹ್ಮಗುಪ್ತನೂ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ಗಣಿತದಲ್ಲಿ ಬಳಸಿದ್ದಾರೆ. ವಿದ್ಯುತ್ತಿನ ವಿಷಯದಲ್ಲಿ ಅವನ್ನು ಆ ಗಣಿತದ ಅರ್ಥದಲ್ಲಿಯೇ, ಕೂಡುವ ಕಳೆಯುವ ಚಿಹ್ನೆಗಳಾಗಿ ಗ್ರಹಿಸತಕ್ಕದ್ದು.

ಯಾವ ಗುಂಪು ಯಾವಾಗ ಪ್ರೋಟಾನನ್ನು ಬಿಡುತ್ತದೆ? ಇದನ್ನು ನಿರ್ಣಯಿಸುವ ಸಂಖ್ಯೆಗಳು ಎರಡು: ದ್ರಾವಣದ ಪಿಎಚ್ ಮತ್ತು ಗುಂಪಿನ ಪಿಕೆಎ. ಇವೆರಡೂ ಸಮವಾದಾಗ ಅಂಥ ಗುಂಪುಗಳಲ್ಲಿ ಸರಿಯಾಗಿ ಅರ್ಧದಷ್ಟು ಪ್ರೋಟಾನನ್ನು ಹಿಡಿದಿರುತ್ತವೆ. ಪಿಎಚ್ ಒಂದು ಅಂಕ ಮೇಲೇರಿದರೆ ಬಿಟ್ಟವುಗಳ ಸಂಖ್ಯೆ ಹಿಡಿದವುಗಳ ಹತ್ತರಷ್ಟಾಗುತ್ತದೆ. ಗ್ಲುಟಾಮಿಕ್ ಆಮ್ಲದ ಪಾರ್ಶ್ವಸರಪಳಿಯ ಪಿಕೆಎ ಸುಮಾರು ೪.೨, ಲೈಸೀನಿನದು ಸುಮಾರು ೧೦.೫. ಆದಕಾರಣ ರಕ್ತದ ಪಿಎಚ್ ಆದ ೭.೪ರಲ್ಲಿ ಮೊದಲನೆಯದು ಬಹುಮಟ್ಟಿಗೆ ಋಣಾವೇಶವನ್ನೂ ಎರಡನೆಯದು ಧನಾವೇಶವನ್ನೂ ತಳೆದಿರುತ್ತದೆ. ಹಿಸ್ಟಿಡೀನಿನ ಪಿಕೆಎ ಮಾತ್ರ ಸುಮಾರು ೬. ರಕ್ತದ ಪಿಎಚ್‌ನಲ್ಲಿ ಅದರ ನೂರು ಗುಂಪುಗಳಲ್ಲಿ ನಾಲ್ಕರಷ್ಟೇ ಧನಾವೇಶಯುಕ್ತವಾಗಿರುತ್ತವೆ. ಪಿಎಚ್ ತುಸು ಬದಲಾದರೂ ಈ ಪ್ರಮಾಣ ಗಮನಾರ್ಹವಾಗಿ ಬದಲಾಗುತ್ತದೆ.

ಆದರೆ ಪಿಕೆಎ ಕೂಡ ಸ್ಥಿರವಲ್ಲ. ಅದು ನೆರೆಹೊರೆಯನ್ನು ಅವಲಂಬಿಸಿದೆ. ಇದಕ್ಕೆ ಹಿಮೋಗ್ಲೋಬಿನ್ ಉತ್ತಮ ನಿದರ್ಶನ. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಸರಪಳಿಯ ಕೊನೆಯ ಹಿಸ್ಟಿಡೀನ್ (೧೪೬ನೆಯದು) ಅದೇ ಸರಪಳಿಯ ೯೪ನೆಯ ಆಸ್ಪಾರ್ಟಿಕ್ ಆಮ್ಲದ ಮಗ್ಗುಲಿಗೆ ಬರುತ್ತದೆ. ಋಣಾವೇಶದ ಸಾಮೀಪ್ಯದಿಂದ ಹಿಸ್ಟಿಡೀನಿನ ಪಿಕೆಎ ಏರಿ, ಅದು ಪ್ರೋಟಾನನ್ನು ಬಿಗಿಯಾಗಿ ಹಿಡಿಯುತ್ತದೆ. ಆಮ್ಲಜನಕ ಸೇರಿದಾಗ ಅಣುವಿನ ಆಕಾರ ಬದಲಾಗಿ ಈ ಸಾಮೀಪ್ಯ ತಪ್ಪುತ್ತದೆ, ಪ್ರೋಟಾನ್ ಕಳಚಿಕೊಳ್ಳುತ್ತದೆ. ದುಡಿಯುವ ಸ್ನಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲ ಹೆಚ್ಚಿದಂತೆ ಹಿಮೋಗ್ಲೋಬಿನ್ ಪ್ರೋಟಾನುಗಳನ್ನು ಸ್ವೀಕರಿಸಿ ಆಮ್ಲಜನಕವನ್ನು ಬಿಟ್ಟುಕೊಡುವುದಕ್ಕೆ ಇದೊಂದು ಮುಖ್ಯ ಕಾರಣ. ಇಂಗಾಲದ ಡೈಆಕ್ಸೈಡಿನ ಈ ಪ್ರಭಾವವನ್ನು ೧೯೦೪ರಲ್ಲಿ ಕ್ರಿಶ್ಚಿಯನ್ ಬೋರ್, ಹಾಸೆಲ್ಬಾಲ್ಕ್ ಮತ್ತು ಕ್ರೋಗ್ ಗುರುತಿಸಿದರು.

ಮೇಲಿನವೆಲ್ಲ ಮರಳಿ ಪಡೆಯಬಹುದಾದ ನಷ್ಟಗಳು. ಮರಳಿ ಬಾರದ ನಷ್ಟವೂ ಒಂದುಂಟು: ಅಮೈನೋ ಆಮ್ಲವೇ ಬದಲಾಗುವುದು. ಕುಡುಗೋಲು ಕಣ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ಕ್ಷೇತ್ರದಲ್ಲಿ ಬೇರೆ ವೇಗದಿಂದ ಚಲಿಸುತ್ತದೆ ಎಂದು ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಬೀಟಾ ಸರಪಳಿಯ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಇರುವುದೇ ಇದಕ್ಕೆ ಕಾರಣವೆಂದು ವರ್ನನ್ ಇಂಗ್ರಾಮ್ ೧೯೫೭ರ ವೇಳೆಗೆ ಸ್ಥಾಪಿಸಿದರು. ವ್ಯಾಲೀನಿಗೆ ಬಿಡಲು ಪ್ರೋಟಾನೂ ಇಲ್ಲ, ಹಿಡಿಯಲು ನೆಲೆಯೂ ಇಲ್ಲ. ಒಂದು ಅಣುವಿನಲ್ಲಿ ಬೀಟಾ ಸರಪಳಿಗಳು ಎರಡಿರುವುದರಿಂದ ಎರಡು ಋಣಾವೇಶಗಳು ನಷ್ಟವಾಗುತ್ತವೆ. ರೋಗಪತ್ತೆಗೆ ನೆರವಾಗುವುದು ಈ ನಷ್ಟ. ರೋಗವನ್ನು ಉಂಟುಮಾಡುವುದು, ಆಮ್ಲಜನಕ ಕಳೆದುಕೊಂಡ ಅಣುಗಳನ್ನು ಒಂದಕ್ಕೊಂದು ಅಂಟಿಸುವ, ನೀರನ್ನೊಲ್ಲದ ವ್ಯಾಲೀನಿನ ಸ್ವಭಾವ. ಈ ಎರಡನ್ನೂ ಬೆರೆಸಿ ಹೇಳುವುದು ಸಲ್ಲದು.

ನಮ್ಮ ದೇಶದ ಮಟ್ಟಿಗೆ ಇದು ದೂರದ ವಿಷಯವೇನಲ್ಲ. ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಲಕ್ಷಣವಿರುವುದನ್ನು ೧೯೫೨ರಲ್ಲಿ ವರದಿಮಾಡಲಾಯಿತು. ೨೦೪೭ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ಉದ್ದೇಶದ ರಾಷ್ಟ್ರೀಯ ಅಭಿಯಾನ ೨೦೨೩ರಲ್ಲಿ ಆರಂಭವಾಯಿತು. ತಪಾಸಣೆಗೆ ಒಳಗಾದ ಕುಟುಂಬಕ್ಕೆ ಫಲಿತಾಂಶವನ್ನು ಅದರ ಭಾಷೆಯಲ್ಲಿಯೇ ವಿವರಿಸಬೇಕಾಗುತ್ತದೆ. ವಿದ್ಯುದಾವೇಶ, ಋಣ, ಧನ ಎಂಬ ಶಬ್ದಗಳ ಅರ್ಥವ್ಯಾಪ್ತಿಯನ್ನು ಖಚಿತಪಡಿಸಿಕೊಳ್ಳುವ ಕೆಲಸ, ಆ ಕಾರಣದಿಂದ, ರಸಾಯನಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ. ಭಾಷಾಧ್ಯಯನದಲ್ಲಿ ತೊಡಗಿದವರಿಗೂ ಸೇರಿದ್ದು.