ಕಯಾಕೊಗೆ ಯಾರ ಮೇಲೆ ಸಿಟ್ಟು?

ದೆವ್ವದ ಸಿನಿಮಾ ಅಂದ್ರೆ ನಮಗೆ ಒಂದು ಲೆಕ್ಕ ಗೊತ್ತಿದೆ. ಯಾರೋ ಅನ್ಯಾಯ ಮಾಡಿರ್ತಾರೆ, ಸತ್ತವರು ವಾಪಸ್ ಬಂದು ಅವರನ್ನೇ ಹುಡುಕ್ತಾರೆ. ‘ಆಪ್ತಮಿತ್ರ’ದ ನಾಗವಲ್ಲಿಗೆ ಬೇಕಾಗಿದ್ದು ಆ ರಾಜ ಒಬ್ಬನೇ. ಸೇಡು ತೀರಿತಾ, ಕಥೆ ಮುಗೀತು, ಲೈಟ್ ಆಫ್ ಮಾಡಿ ಮಲಗಬಹುದು. 2002ರ ಜಪಾನಿ ಸಿನಿಮಾ ‘ಜು-ಆನ್’ ಈ ಲೆಕ್ಕವನ್ನೇ ಕೆಡಿಸುತ್ತೆ.

ಹೆಸರಲ್ಲೇ ಎರಡು ಮಾತಿದೆ: ‘ಜು’ ಅಂದ್ರೆ ಶಾಪ, ‘ಆನ್’ ಅಂದ್ರೆ ಒಳಗೇ ಉಳಿದುಹೋದ ದ್ವೇಷ. ಟೋಕಿಯೊದ ಒಂದು ಸಾಧಾರಣ ಮನೆ. ಹೆಂಡತಿ ಕಯಾಕೊ ಬೇರೆ ಯಾರನ್ನೋ ಇಷ್ಟಪಡ್ತಾಳೆ ಅನ್ನೋ ಅನುಮಾನಕ್ಕೆ ಗಂಡ ತಕೇಯೊ ಅವಳನ್ನು ಕೊಲ್ಲುತ್ತಾನೆ. ಮಗನ ಬೆಕ್ಕನ್ನೂ ಬಿಡಲ್ಲ. ಅಂಥ ಸಿಟ್ಟಿನ ನಡುವೆ ಆದ ಸಾವಿಂದ ಹುಟ್ಟಿದ ಶಾಪ ಆ ಜಾಗದಲ್ಲೇ ಉಳಿಯುತ್ತೆ, ಅಲ್ಲಿಗೆ ಬಂದವರನ್ನು ಕೊಲ್ಲುತ್ತೆ, ಆ ಸಾವಿಂದ ಮತ್ತೊಂದು ಶಾಪ. ಎಕ್ಸಿಟ್ ಕಂಡೀಷನ್ ಬರೆಯದೆ ರನ್ ಮಾಡಿದ ಲೂಪ್ ಥರ.

ಇಲ್ಲಿ ಸಾಯೋರು ಏನು ತಪ್ಪು ಮಾಡಿದ್ರು? ರಿಕಾ ಅನ್ನೋ ಹುಡುಗಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳೋಕೆ ಬಂದವಳು. ಹಿತೋಮಿ ಅಣ್ಣನ ಮನೆಗೆ ಬಂದುಹೋದವಳು, ಅಷ್ಟೇ. ಅವಳ ಸಾವು ಆ ಮನೆಯಲ್ಲೂ ಅಲ್ಲ, ತನ್ನದೇ ಹಾಸಿಗೆಯಲ್ಲಿ, ಹೊದಿಕೆಯೊಳಗೆ. ಚಿಕ್ಕಂದಿನಿಂದ ನಮಗಿದ್ದ ಒಂದೇ ಸೇಫ್ ಜಾಗ ಅದು, ಅದನ್ನೂ ಕಿತ್ಕೊಂಡ್ರು!

ಇಂಥ ಪ್ರೇತಕ್ಕೆ ಜಪಾನಿನಲ್ಲಿ ಒನ್ರ್ಯೋ ಅಂತಾರೆ, ಅದು ತುಂಬ ಹಳೇ ನಂಬಿಕೆ. ಗಡಿಪಾರಾಗಿ 903ರಲ್ಲಿ ಸತ್ತ ಸುಗವಾರಾ ನೊ ಮಿಚಿಝಾನೆ ಅನ್ನೋ ವಿದ್ವಾಂಸನ ಕೋಪಕ್ಕೆ ಹೆದರಿ ಕ್ಯೋಟೊದಲ್ಲಿ ಅವನಿಗೆ ಗುಡಿಯನ್ನೇ ಕಟ್ಟಿದರು. 1825ರ ಕಬುಕಿ ನಾಟಕದ ಒಯಿವಾ ಗಂಡನ ಮೋಸಕ್ಕೆ ಬಲಿಯಾದವಳು. ಬಿಚ್ಚಿದ ಕರಿ ಕೂದಲು, ಬಿಳಿ ಮುಖ, ಗಂಡನಿಂದಾದ ದ್ರೋಹ, ಕಯಾಕೊಗೆ ಇದೆಲ್ಲ ಬಂದಿದ್ದು ಆ ಕಡೆಯಿಂದ. ಆದರೆ ಒಯಿವಾ ಕಾಡಿದ್ದು ಗಂಡನನ್ನು. ಕಯಾಕೊದು ಹಾಗಲ್ಲ.

ನಿರ್ದೇಶಕ ತಕಾಶಿ ಶಿಮಿಝು ಹತ್ತಿರ ದುಡ್ಡಿರಲಿಲ್ಲ. 1998ರಲ್ಲಿ ಟಿವಿಗೆ ಮಾಡಿದ, ತಲಾ ಮೂರು ನಿಮಿಷದಷ್ಟಿನ ಎರಡು ಪುಟ್ಟ ಚಿತ್ರಗಳಲ್ಲೇ ಕಯಾಕೊ, ತೊಶಿಯೊ ಬಂದಿದ್ರು. 2000ದಲ್ಲಿ ಎರಡು ಭಾಗ ಥಿಯೇಟರ್‌ಗೆ ಬರದೆ ನೇರ ವಿಡಿಯೊದಲ್ಲಿ ಬಂತು. ಥಿಯೇಟರ್‌ಗೆ ಬಂದಿದ್ದು 2002ರದ್ದು. ಅದರಲ್ಲೂ ಗ್ರಾಫಿಕ್ಸ್ ಆರ್ಭಟ ಕಮ್ಮಿ. ಕಯಾಕೊ ಮೆಟ್ಟಿಲಿಂದ ತೆವಳಿಕೊಂಡು ಇಳಿಯೋದು ನಟಿ ತಕಾಕೊ ಫುಜಿಯ ಮೈಯಿಂದಲೇ ಆದ ಕೆಲಸ. ತೊಶಿಯೊ ಅಂದ್ರೆ ಮೈಗೆ ಬಿಳಿ ಬಳಿದ ಒಬ್ಬ ಹುಡುಗ. ಉಳಿದದ್ದು ಗಂಟಲಲ್ಲಿ ಬಾಚಣಿಗೆ ಹಲ್ಲು ಎಳೆದಂಥ ಆ ಕಟಕಟ ಸದ್ದು. ಇಯರ್‌ಫೋನ್ ಹಾಕಿ ಕೇಳಿದ್ರೆ ಗೊತ್ತಾಗುತ್ತೆ, ಅದಕ್ಕೆ ಬಜೆಟ್ ಯಾಕೆ ಬೇಕು? ಕಥೆಯನ್ನು ಒಬ್ಬೊಬ್ಬರ ಹೆಸರಿನ ಆರು ಅಧ್ಯಾಯ ಮಾಡಿ, ಕಾಲವನ್ನು ಹಿಂದೆಮುಂದೆ ಮಾಡಿಟ್ಟಿದ್ದಾರೆ. ಮೊದಲ ಸಲ ತಲೆ ಕೆಡುತ್ತೆ, ನಿಜ. 2004ರಲ್ಲಿ ಹಾಲಿವುಡ್‌ನವರು ಇದನ್ನೇ ಶಿಮಿಝು ಕೈಲೇ ಮತ್ತೆ ಮಾಡಿಸಿದರು. ಸುಮಾರು 1 ಕೋಟಿ ಡಾಲರ್ ಹಾಕಿ 18 ಕೋಟಿಗೂ ಹೆಚ್ಚು ತೆಗೆದರು. ನನಗೆ ಹಿಡಿಸೋದು ಹಳೇದೇ.

ಮುಂದಿನದು ಸ್ಪಾಯ್ಲರ್, ನೋಡದವರು ಇಲ್ಲಿಗೇ ನಿಲ್ಲಿಸಿ.

ಕೊನೇಲಿ ಕಯಾಕೊ ರಕ್ತಸಿಕ್ತವಾಗಿ ರಿಕಾಳ ಹತ್ತಿರ ಬರ್ತಾಳೆ. ಮುಖ ಮುಚ್ಚಿಕೊಂಡ ರಿಕಾ ಬೆರಳ ಸಂದಿಯಿಂದ ನೋಡಿದ್ರೆ ಅಲ್ಲಿರೋದು ದೆವ್ವ ಅಲ್ಲ, ಏಟು ತಿಂದ ಒಬ್ಬ ಹೆಂಗಸು. ಅವಳು ಮಾಯವಾಗ್ತಾಳೆ. ಆಮೇಲೆ ಮೆಟ್ಟಿಲಿಳಿದು ಬರೋದು ತಕೇಯೊ. ರಿಕಾಳನ್ನು ಕೊಲ್ಲೋದು ಅವನೇ. ಅಂದ್ರೆ ಆ ಮನೆಯಲ್ಲಿ ಮತ್ತೆಮತ್ತೆ ಆಗ್ತಿರೋದು ಕಯಾಕೊಳ ಸೇಡು ಅಂತ ಹೇಳೋದಕ್ಕಿಂತ, ಮೊದಲ ದಿನ ನಡೆದ ಅದೇ ಕೊಲೆ. ಈಗ ಅವಳ ಜಾಗದಲ್ಲಿ ರಿಕಾ. ಆಮೇಲೆ ಕ್ಯಾಮೆರಾ ಹೊರಗೆ ಹೋಗುತ್ತೆ: ಖಾಲಿ ಬೀದಿಗಳು, ಕಾಣೆಯಾದವರ ಪೋಸ್ಟರ್‌ಗಳು, ಒಬ್ಬ ಮನುಷ್ಯನೂ ಇಲ್ಲ.