ಎಣ್ಣೆಗೂ ನೆರಳು ಬೇಕು

ಎತ್ತಿನ ಗಾಡಿಯ ಕಾಲದಲ್ಲಿ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಬಿದಿರ ಕೊಳವೆಯೊಂದು ತೂಗಾಡುತ್ತಿತ್ತು. ಅಚ್ಚು ಕೀರಲು ತೊಡಗಿದರೆ ನಾಲ್ಕು ಹನಿ ಹರಳೆಣ್ಣೆ ಬಿಟ್ಟರೆ ತೀರಿತು. ಎತ್ತುಗಳೂ ಗಾಡಿಯವನೂ ಮುಂದಿನ ಊರಿನವರೆಗೆ ನಿಶ್ಚಿಂತರು. ಆ ಎಣ್ಣೆಯ ಕೆಲಸ ಒಂದೇ, ಉಜ್ಜುವಿಕೆಯನ್ನು ತಗ್ಗಿಸುವುದು. ಇಂದಿನ ಸ್ವಯಂಚಾಲಿತ ಗೇರಿನ ಪಿಕಪ್ ವಾಹನದಲ್ಲಾದರೋ ಎಣ್ಣೆಯೇ ಗಾಡಿಯನ್ನು ಎಳೆಯುತ್ತದೆ. ಎಳೆಯುವವನಿಗೆ ದಣಿವು ತಪ್ಪಿದ್ದಲ್ಲ. ಎಣ್ಣೆಯ ದಣಿವಿಗೆ ಕಾವು ಎಂದು ಹೆಸರು.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ ಹೋದವರಿಗೆ ಪಿಕಪ್ಪಿನ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವಣೂರಿನ ವೀಳ್ಯದೆಲೆ, ಹಾನಗಲ್ಲಿನ ಮಾವು, ಹಿರೇಕೆರೂರಿನ ಗೋವಿನಜೋಳ, ಇವೆಲ್ಲ ಹೊಲದ ದಾರಿಯಿಂದ ಪೇಟೆ ಸೇರುವುದು ಇದರ ಬೆನ್ನ ಮೇಲೆ. ಜೋಳವಾದರೆ ಒಂದು ದಿನ ಕಾದೀತು, ಎಲೆ ಕಾಯದು. ಮಾವಿನ ಸುಗ್ಗಿಯಂತೂ ಬರುವುದೇ ಬೇಸಗೆಯ ಉರಿಯಲ್ಲಿ. ದಾರಿಯ ನಡುವೆ ವಾಹನ ನಿಂತುಬಿಟ್ಟರೆ ಹಾಳಾಗುವುದು ಬರಿಯ ಯಂತ್ರವಲ್ಲ, ಒಂದು ಮನೆತನದ ಒಂದು ವರ್ಷದ ದುಡಿಮೆ.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳಿತು. ಈ ಸೀಮೆಯ ರಸ್ತೆಗಳಲ್ಲಿ ಓಡುವ ಬಹುಪಾಲು ಪಿಕಪ್ಪುಗಳು ಕೈಯಿಂದ ಗೇರು ಹಾಕುವಂಥವು. ೨೦೦೫ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಗಾಡಿಯಿಂದ ಹಿಡಿದು ಬೊಲೆರೋ ಪಿಕಪ್ಪಿನವರೆಗೆ ಇದೇ ಪರಿ. ಇವುಗಳ ಗೇರು ಪೆಟ್ಟಿಗೆಯಲ್ಲಿರುವ ಮಂದವಾದ ಎಣ್ಣೆಯನ್ನು ಹಲ್ಲಿನ ಚಕ್ರಗಳೇ ಎರಚಾಡಿಕೊಳ್ಳುತ್ತವೆ; ಪೆಟ್ಟಿಗೆಯ ಹೊರಮೈಗೆ ಬಡಿಯುವ ಗಾಳಿಯೇ ಅದನ್ನು ಆರಿಸುತ್ತದೆ. ಇಂಥ ಗಾಡಿಗೆ ಎಣ್ಣೆ ತಣಿಸುವ ಉಪಕರಣವನ್ನು ಯಾರಾದರೂ ಮಾರಬಂದರೆ, ಅದು ಬೋಳುತಲೆಗೆ ಬಾಚಣಿಗೆ ಮಾರಿದಂತೆಯೇ ಸರಿ. ಏರಿನಲ್ಲಿ ಇವುಗಳಿಗೆ ಅಪಾಯವಿರುವುದು ಕ್ಲಚ್ಚಿಗೆ. ಅದರ ಮೇಲೆ ಅರ್ಧ ಕಾಲಿಟ್ಟುಕೊಂಡೇ ಏರು ಹತ್ತಿಸುವ ಚಾಲಕನನ್ನು ಯಾವ ಉಪಕರಣವೂ ಕಾಪಾಡಲಾರದು.

ಆದರೆ ಕಾಲ ಬದಲಾಗುತ್ತಿದೆ. ಬಿಡದಿಯ ಕಾರ್ಖಾನೆಯಲ್ಲಿ ಸಿದ್ಧವಾಗುವ ಟೊಯೋಟಾ ಹೈಲಕ್ಸ್ ೨೦೨೨ರಲ್ಲಿ ನಮ್ಮ ಮಾರುಕಟ್ಟೆಗೆ ಬಂದಾಗ ಸ್ವಯಂಚಾಲಿತ ಗೇರಿನೊಡನೆಯೂ ಬಂದಿತು. ಇಂಥ ವಾಹನದಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ಚಿನ ಬದಲು ಒಂದು ವಿಚಿತ್ರ ಯಂತ್ರವಿದೆ. ಎದುರುಬದುರಾಗಿ ಇಟ್ಟ ಎರಡು ಪಂಖಗಳನ್ನು ನೆನೆಯಿರಿ. ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಸ್ಥಾನದಲ್ಲಿ ಎಣ್ಣೆಯನ್ನು ಕಲ್ಪಿಸಿಕೊಂಡರೆ ಯಂತ್ರದ ಗುಟ್ಟು ತಿಳಿದಂತೆಯೇ. ೧೯೦೫ರಲ್ಲಿ ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟಿಂಗರ್ ಹಡಗುಗಳಿಗಾಗಿ ಹೂಡಿದ ಉಪಾಯವಿದು. ಮೊದಲ ಪಂಖ ವೇಗವಾಗಿ, ಎರಡನೆಯದು ನಿಧಾನವಾಗಿ ತಿರುಗುವಾಗ ಆ ಅಂತರದ ಶಕ್ತಿಯೆಲ್ಲ ಕಾವಾಗಿ ಎಣ್ಣೆಗಿಳಿಯುತ್ತದೆ. ಆದ್ದರಿಂದ ಶಿಗ್ಗಾಂವಿಯ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಸಾಗುವಾಗ ಎಣ್ಣೆಗೆ ಅಷ್ಟು ಆಯಾಸವಿಲ್ಲ. ಆಗ ಎರಡು ಪಂಖಗಳನ್ನೂ ಒಂದಾಗಿ ಬಿಗಿಯುವ ಏರ್ಪಾಡೂ ಉಂಟು. ಹಾನಗಲ್ಲಿನಿಂದ ಶಿರಸಿಗೆ, ಅಲ್ಲಿಂದ ಕುಮಟೆಗೆ ಇಳಿದು, ಹೊರೆ ತುಂಬಿಕೊಂಡು ದೇವಿಮನೆ ಘಟ್ಟವನ್ನು ಮರಳಿ ಏರುವಾಗ ನಿಜವಾದ ಪರೀಕ್ಷೆ. ಹಸಿ ಮಣ್ಣಿನ ಹೊಲದಲ್ಲಿ ಹಿಂದೆ ಮುಂದೆ ತಿಣುಕುವಾಗಲೂ ಅಷ್ಟೇ.

ಎಣ್ಣೆ ೮೦ರಿಂದ ೯೫ ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಖವಾಗಿರುತ್ತದೆ. ೧೨೦ನ್ನು ದಾಟಿ ಬಹುಕಾಲ ನಿಂತರೆ ಬೇಗನೆ ಕೆಡುತ್ತದೆ; ಹತ್ತು ಡಿಗ್ರಿ ಏರಿದಾಗಲೆಲ್ಲ ಕೆಡುವ ವೇಗ ಸುಮಾರು ಇಮ್ಮಡಿಯೆಂಬುದು ಬಲ್ಲವರ ಸ್ಥೂಲ ಲೆಕ್ಕ. ಸಾಮಾನ್ಯವಾಗಿ ಕೆಂಪಗಿರುವ ಎಣ್ಣೆ ಕಂದಿ, ಒಗ್ಗರಣೆ ಸೀದಂಥ ವಾಸನೆ ಬಂದರೆ ಅಪಾಯ ಬಾಗಿಲಿಗೆ ಬಂದಿದೆಯೆಂದೇ ತಿಳಿಯಬೇಕು.

ಅನೇಕ ವಾಹನಗಳಲ್ಲಿ ಈ ಎಣ್ಣೆಯ ಕೊಳವೆ ರೇಡಿಯೇಟರಿನ ನೀರಿನೊಳಗೆ ಹಾದು ಬರುತ್ತದೆ. ಆದರೆ ಆ ನೀರೇ ೯೦ ಡಿಗ್ರಿಯ ಆಸುಪಾಸಿನಲ್ಲಿ ಕುದಿದಂತಿರುವಾಗ ಅದು ಎಣ್ಣೆಯನ್ನು ಇನ್ನೆಷ್ಟು ತಣಿಸೀತು? ಅದಕ್ಕಾಗಿಯೇ ಹೆಚ್ಚುವರಿ ಕೂಲರು. ನಮ್ಮ ಕಡೆಯ ಹಿರಿಯರು ಬಿಸಿ ಚಹಾವನ್ನು ಬಶಿಗೆ ಸುರಿದು ಆರಿಸುವುದಿಲ್ಲವೇ? ಅದೇ ನ್ಯಾಯ ಇಲ್ಲಿಯೂ. ಎಣ್ಣೆಯನ್ನು ತೆಳು ಪದರಗಳ ಸಂದಿಯಲ್ಲಿ ಹರಡಿ, ಎದುರುಗಾಳಿಗೆ ಒಡ್ಡುವುದು.

ಜೋಡಿಸುವಾಗ ಅವಸರ ಸಲ್ಲದು. ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿದಾಗ ಎರಡು ಕೊಳವೆಗಳಲ್ಲಿ ಮೊದಲು ಬಿಸಿಯಾಗುವುದು ಗೇರು ಪೆಟ್ಟಿಗೆಯಿಂದ ಹೊರಡುವುದು, ಇನ್ನೊಂದು ಮರಳುವುದು. ರೇಡಿಯೇಟರನ್ನು ದಾಟಿ ಬಂದ ಈ ಮರಳು ಕೊಳವೆಯಲ್ಲಿಯೇ ಕೂಲರನ್ನು ಸೇರಿಸಬೇಕು. ರೇಡಿಯೇಟರಿನ ಮುಂದೆ, ಗಾಳಿ ನೇರವಾಗಿ ಬೀಸುವೆಡೆ, ಲೋಹದ ಪಟ್ಟಿಯಿಂದ ಚೌಕಟ್ಟಿಗೆ ಬಿಗಿಯಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ದಾರ ತೂರಿಸಿ ಕಟ್ಟುವ ಸುಲಭೋಪಾಯವನ್ನು ಕೆಲವರು ಮಾಡುವುದುಂಟು. ಹಳ್ಳಿಯ ರಸ್ತೆಯ ಕುಲುಕಾಟದಲ್ಲಿ ಅದು ಉಜ್ಜಿ ಉಜ್ಜಿ ರೇಡಿಯೇಟರನ್ನೇ ತೂತು ಮಾಡಬಲ್ಲುದು. ಕೂಲರಿನ ಬಾಯಿಗಳು ಮೇಲಕ್ಕೋ ಪಕ್ಕಕ್ಕೋ ಇದ್ದರೆ ಒಳಗಿನ ಗಾಳಿ ಸಿಕ್ಕಿಕೊಳ್ಳದು. ರಬ್ಬರ್ ಕೊಳವೆ ಗೇರಿನ ಎಣ್ಣೆಗೆಂದೇ ತಯಾರಿಸಿದ್ದಾಗಿರಬೇಕು. ಪೆಟ್ರೋಲಿನದು ಈ ಕಾವಿಗೆ ತಾಳದು. ಸೈಲೆನ್ಸರಿನ ಕೊಳವೆಯಿಂದ ದೂರವಿರಿಸಬೇಕು.

ಹೊಸ ವಾಹನವಾದರೆ ಕೊಳವೆಗೆ ಕತ್ತರಿ ಹಾಕುವ ಮೊದಲು ಖಾತರಿ ಪತ್ರವನ್ನು ಒಮ್ಮೆ ಓದಿಕೊಳ್ಳುವುದು ಲೇಸು. ಈಗಾಗಲೇ ಸೀದ ಎಣ್ಣೆಯ ವಾಸನೆ ಬರುತ್ತಿದ್ದರೆ ಕೂಲರನ್ನು ಎಷ್ಟು ಚೆನ್ನಾಗಿ ಕೂರಿಸಿದರೂ ಫಲವಿಲ್ಲ. ಮೊದಲು ಎಣ್ಣೆಯನ್ನೂ ಪೆಟ್ಟಿಗೆಯನ್ನೂ ಪರೀಕ್ಷಿಸಬೇಕು. ಕೂಲರಿನ ಹೊಟ್ಟೆಗೂ ಎಣ್ಣೆ ಬೇಕಾಗುವುದರಿಂದ ಜೋಡಣೆಯ ತರುವಾಯ ತಯಾರಕರು ಹೇಳಿದ ಕ್ರಮದಲ್ಲಿ ಮಟ್ಟವನ್ನು ಅಳೆದು ಅವರು ಹೇಳಿದ ಜಾತಿಯ ಎಣ್ಣೆಯನ್ನೇ ತುಂಬಬೇಕು. ಮೊದಲ ದಿನ ಹೊರೆಯಿಲ್ಲದೆ ಒಂದಿಷ್ಟು ದೂರ ಓಡಿಸಿ ತಂದು, ರಾತ್ರಿ ಗಾಡಿಯ ಮೂತಿಯಡಿಗೆ ಒಂದು ಹಳೆಯ ವೃತ್ತಪತ್ರಿಕೆಯನ್ನು ಹಾಸಿಡಿ. ಬೆಳಗ್ಗೆ ಅದರ ಮೇಲೆ ಒಂದೇ ಒಂದು ಕೆಂಪು ಹನಿ ಕಂಡರೂ ಮಾವಿನ ಬುಟ್ಟಿಗಳನ್ನು ಇನ್ನೊಂದು ಗಾಡಿಗೆ ಏರಿಸಿ.