ವಾಕಿಟಾಕಿ ಕೊಳ್ಳುವ ಮುನ್ನ ಪರವಾನಗಿ ವಿಚಾರಿಸಿ

ಕಾಸರಗೋಡು: ಗುಡ್ಡದ ಮೇಲಿನ ತೋಟ, ಕಲ್ಲುಕೋರೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಅನೇಕರು ವಾಕಿಟಾಕಿಯ ಮೊರೆ ಹೋಗುತ್ತಾರೆ. ಆದರೆ ದುಡ್ಡು ಕೊಟ್ಟು ತಂದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ಸಿಗುವುದಿಲ್ಲ.

ರೇಡಿಯೋ ತರಂಗಾಂತರ ಹಂಚುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಕೇರಳಕ್ಕೂ ಕರ್ನಾಟಕಕ್ಕೂ ನಿಯಮ ಒಂದೇ. ಪಂಚಾಯತಿನ ಅನುಮತಿ ಇದಕ್ಕೆ ಸಾಲದು.

ಉದ್ಯಮಿಗಳ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, 2018ರ ನಿಯಮಗಳಂತೆ ಪರವಾನಗಿ ಬೇಡದ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್. ಇದಕ್ಕೂ ಇಟಿಎ ಎಂಬ ಉಪಕರಣ ಅನುಮೋದನೆ ಇರಲೇಬೇಕು. ಸಣ್ಣ ಆವರಣಕ್ಕೆ ಇದು ಸಾಕು.

ದೂರದವರೆಗೆ ಮಾತನಾಡಬೇಕಿದ್ದರೆ ಎರಡನೆಯ ದಾರಿ. 'ಸರಳ್ ಸಂಚಾರ್' ಜಾಲತಾಣದಲ್ಲಿ ಅರ್ಜಿ ಹಾಕಿ, ಸ್ವಂತ ತರಂಗಾಂತರ ಪಡೆದು, ರಾಯಧನ ಕಟ್ಟಬೇಕು. ಎತ್ತರದಲ್ಲಿ ಸ್ಥಿರ ಆಂಟೆನಾ ನಿಲ್ಲಿಸುವುದಾದರೆ ವಿಮಾನಗಳಿಗೂ ಬೇರೆ ನಿಲಯಗಳಿಗೂ ಅಡ್ಡಿಯಾಗದಂತೆ ಸ್ಥಳದ ಒಪ್ಪಿಗೆಯೂ ಬೇಕು.

ಇಷ್ಟೊಂದು ಕಟ್ಟುನಿಟ್ಟು ಏಕೆ? ಅಗ್ಗದ ಅನೇಕ ಸೆಟ್‌ಗಳನ್ನು ಯಾವ ತರಂಗಾಂತರಕ್ಕೆ ಬೇಕಾದರೂ ತಿರುಗಿಸಬಹುದು. ಕಡಲಿನಲ್ಲಿ ಅಪಾಯಕ್ಕೆ ಸಿಲುಕಿದ ದೋಣಿ, ಹಡಗುಗಳು ನೆರವು ಕೋರುವುದು 156.8 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಕೋರೆಯ ಮಾತುಕತೆ ನುಗ್ಗಿದರೆ ಜೀವಕ್ಕೇ ಕುತ್ತು.

ಪರವಾನಗಿಯ ವಿವರ ತಿಳಿಸದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಮಾರಾಟ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ 13 ನೋಟಿಸು ಕಳುಹಿಸಿತ್ತು. ಆದರೂ ಪರವಾನಗಿ ಇಲ್ಲದ ಸೆಟ್ ಇಟ್ಟುಕೊಂಡವರು ಹೊಣೆಯಿಂದ ಪಾರಾಗುವುದಿಲ್ಲ. ಹಣ ಕೊಡುವ ಮೊದಲು ತರಂಗಾಂತರ ಯಾವುದು, ಇಟಿಎ ಇದೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.